ಒಂದು ನಂಬರು ದೊಡ್ಡದು

ಬೋಳಾರದ ಇಳಿಜಾರಿನಲ್ಲಿ ನನ್ನ ಜೆರಾಕ್ಸ್ ಅಂಗಡಿ,
ತಾಗಿಕೊಂಡೇ ಬೋನಿ ಪೊರ್ಬುಗಳ ಸೈಕಲ್ ಶಾಪು.
ಹೊರಗೆ ಮೊಳೆಗೆ ನೇತುಹಾಕಿದ ಕರಿಹಲಗೆ.
ಬೆಳಗ್ಗೆ ಎಂಟಕ್ಕೆ, ಪಂಪಿಗೆ ಎಣ್ಣೆ ಬಿಡುವ ಮೊದಲು,
ಅವರು ಬರೆಯುತ್ತಿದ್ದರು: ‘ಇಂದು’.
ಅದರ ಕೆಳಗೆ ಒಂದು ಇಸವಿ. ಅದರ ಕೆಳಗೆ ಒಂದೇ ಸಾಲು.

ಮಾರ್ಚ್ ಹದಿನೈದು: ಹಾಕಿ, ಕೌಲಾಲಂಪುರ, ಎರಡು ಒಂದು.
ಜೂನ್ ಇಪ್ಪತ್ತೈದು: ನೂರ ಎಂಬತ್ತಮೂರೇ ಸಾಕಾಯಿತು.
ಜುಲೈ ಇಪ್ಪತ್ತಾರು: ಕಾರ್ಗಿಲ್.
ಅದರ ಮುಂದೆ ಏನೂ ಇಲ್ಲ, ಚುಕ್ಕೆ ಕೂಡ.
ಡಿಸೆಂಬರ್ ಹದಿನಾರಕ್ಕಾದರೂ ಬಣ್ಣದ ಸೀಮೆಸುಣ್ಣ
ತಂದಾರು ಎಂದುಕೊಂಡಿದ್ದೆ.
ಇಲ್ಲ; ಅದೇ ಬಿಳಿ, ಅದೇ ಬಾಗಿದ ಅಕ್ಷರ.
ಸಂಜೆ ಒದ್ದೆ ಬಟ್ಟೆಯಲ್ಲಿ ಒರಸಿ
ನಾಳೆಯ ಸಾಲನ್ನು ಬಾಯೊಳಗೇ ಗುಣುಗುತ್ತಾ
ಶಟರು ಎಳೆಯುತ್ತಿದ್ದರು.

ದಕ್ಕೆಗೆ ಹೋಗುವ ಮೀನಿನ ಲಾರಿ ನಿಧಾನವಾಗಿ ಓದುತ್ತಿತ್ತು,
ಶಾಲೆ ಮಕ್ಕಳು ರಸಪ್ರಶ್ನೆಗೆಂದು ಬರೆದುಕೊಳ್ಳುತ್ತಿದ್ದರು,
ರಿಟೈರಾದ ಮಾಸ್ಟ್ರೊಬ್ಬರು ಮಾತ್ರ ಜಗಳಕ್ಕೆ ನಿಂತರು:
‘ಅಲ್ಲ ಪೊರ್ಬುಗಳೇ, ಚೆಂಡಾಟವೂ ಯುದ್ಧವೂ
ಒಂದೇ ಹಲಗೆಯಲ್ಲಾ? ಎಂತ ಲೆಕ್ಕ ಇದು?’
ಪೊರ್ಬುಗಳು ಟ್ಯೂಬನ್ನು ಬಾಲ್ದಿಯ ನೀರಿನಲ್ಲಿ ಮುಳುಗಿಸಿ
ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಾ
‘ಇನ್ನೊಂದು ಹಲಗೆಗೆ ಮೊಳೆ ಇಲ್ಲ ಮಾಸ್ಟ್ರೇ’ ಅಂದರು.

ಫೆಬ್ರವರಿ ಹನ್ನೊಂದಕ್ಕೆ ಹಲಗೆ ಹೀಗಿರುತ್ತಿತ್ತು:
‘ಇಂದು. ೧೯೬೮. ದೂಮ. ಎಡಗಾಲು.’
ಮಕ್ಕಳು ಅದನ್ನು ಬರೆದುಕೊಳ್ಳುತ್ತಿರಲಿಲ್ಲ.
ಗುಂಡು ತಾಗಿದ ಕಾಲು ಇರಬೇಕೆಂದು ನನ್ನ ಅಂದಾಜು.
ಕೇಳಲಿಲ್ಲ. ಹನ್ನೊಂದು ವರ್ಷ ಕೇಳಲಿಲ್ಲ.

ಕೇಳಿದ್ದು ಒಂದು ಆಟಿಯ ಮಧ್ಯಾಹ್ನ, ಕರೆಂಟಿಲ್ಲ,
ನನ್ನ ಮೆಷಿನು ಸುಮ್ಮನಿತ್ತು, ಅವರಿಗೂ ಗಿರಾಕಿ ಇಲ್ಲ.
ಹೆಂಚಿನ ಕಾರ್ಖಾನೆಯ ಟೀಮು. ನೆಹರೂ ಮೈದಾನ. ಫೈನಲ್ಲು.
ದೂಮಪ್ಪನಿಗೆ ಬೂಟಿಲ್ಲ, ಬರಿಗಾಲಿಗೆ ರೆಫರಿ ಬಿಡುವುದಿಲ್ಲ.
ಹದಿನೈದು ನಿಮಿಷ ಉಳಿದಿರುವಾಗ ಬೋನಿಗೆ ಕಾಲು ಉಳುಕಿ
ಕೂತಲ್ಲೇ ಬೂಟು ಬಿಚ್ಚಿ ಅವನತ್ತ ಎಸೆದರು.
ಒಂದು ನಂಬರು ದೊಡ್ಡದು.
ತುದಿಗೆ ಪೇಪರು ತುರುಕಿ ದೂಮ ಓಡಿದ್ದು
‘ಕಂಬಳದ ಕೋಣದ ಹಾಗೆ ಮಾರಾಯ್ತಿ’,
ಧೂಳು, ಬಿಸಿಲು, ಎಡಗಾಲು, ಬಲೆ.

‘ಮತ್ತೆ?’
‘ಮತ್ತೆ ಎಂತ, ಮಿಲಿಟ್ರಿಗೆ ಸೇರಿದ.
ಕಾಲಿಗೆ ಸರಿಯಾದ ಬೂಟು ಸರಕಾರವೇ ಕೊಡ್ತದಂತೆ
ಅಂತ ನಗಾಡಿಕೊಂಡು ಹೋದ.
ಎಪ್ಪತ್ತೊಂದರ ಡಿಸೆಂಬರು.
ಅವನ ತಾಯಿಗೆ ಟೆಲಿಗ್ರಾಮಿನಲ್ಲಿ ಒಂದು ತಾರೀಕು ಬಂತು,
ಮತ್ತೆ ಬಂದ ಕಾಗದದಲ್ಲಿ ಇನ್ನೊಂದು.
ಯಾವುದನ್ನು ಬರೆಯುವುದು ಹಲಗೆಯಲ್ಲಿ?
ಗೋಲಿನ ತಾರೀಕು ನನಗೆ ಸರಿಯಾಗಿ ಗೊತ್ತುಂಟು.’

ಪೊರ್ಬುಗಳು ತೀರಿದರು. ಶಾಪು ಖಾಲಿ ಮಾಡುವ ದಿನ
ಅವರ ಸೊಸೆ ಸ್ಪೋಕುಗಳ ಡಬ್ಬದ ಅಡಿಯಿಂದ ಬೂಟು ತೆಗೆದಳು.
ಒಣಮೀನಿನಂತೆ ಬಿರುಸಾದ ತೊಗಲು,
ಎಡಗಾಲಿನ ತುದಿಯಲ್ಲಿ ಇನ್ನೂ ಕಾಗದ.
ಬಿಡಿಸಿದರೆ ಪುಡಿಯಾಗುವಂಥದ್ದು. ಆದರೂ ಬಿಡಿಸಿ
ಗಾಜಿನ ಮೇಲಿಟ್ಟು ಒಂದು ಪ್ರತಿ ತೆಗೆದೆ:
ಹೆಂಚು ಸಾವಿರಕ್ಕೆ ಇಷ್ಟು, ಕೊಪ್ಪರ ಮಣಕ್ಕೆ ಇಷ್ಟು,
ದ್ವೀಪಕ್ಕೆ ಹೊರಡಲಿರುವ ಮಂಜಿಯಲ್ಲಿ ಸಾಮಾನಿಗೆ ಜಾಗ ಉಂಟು,
ಯಾರದೋ ಮದುವೆ, ಅರ್ಧ.
ತಾರೀಕು ಇರಬೇಕಾದ ಮೂಲೆಯಲ್ಲಿ
ಕಾಲಿನ ಹೆಬ್ಬೆರಳು ಒತ್ತಿದ ಗುಂಡಗಿನ ಕಲೆ,
ಪ್ರತಿಯಲ್ಲಿ ಕಪ್ಪಗೆ ಬಂತು.

ಹಲಗೆಗೆ ನನ್ನ ಗೋಡೆಯಲ್ಲಿ ಮೊಳೆ ಇರಲಿಲ್ಲ.
ಮಾಸ್ಟ್ರು ಮನೆಯಿಂದ ತಂದರು, ಸುತ್ತಿಗೆಯನ್ನೂ.
ಫೆಬ್ರವರಿಗೆ ಇನ್ನೂ ದಿನ ಉಂಟು.