ಮಂದೀನ ತಗೀಬ್ಯಾಡ್ರಿ

ದಾಜಿಬಾನ ಪೇಟ್ಯಾಗ ತುಳಜಾಸಾನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ.
ಲಗ್ನಪತ್ರಿಕೆ ಕಟ್ಟಿನ ಹಿಂದ ಒಂದು ತಗಡಿನ ಟ್ರಂಕು.
ಅದರಾಗ ಹುಬ್ಬಳ್ಳಿ ಐತಿ.
ಪೂರಾ ಅಲ್ಲ.

ಕಾಮಿಕ್ಸ್ ಚಿತ್ರಾ ತಗಿಯಾವರು ನಾವು ಏಳು ಮಂದಿ,
ಒಬ್ಬೊಬ್ಬರಿಗೆ ಒಂದೊಂದು ಬರೂದಿಲ್ಲ.
ಫಕ್ಕೀರೇಶನ ಪೊಲೀಸರು ಓಡಿದರ ಹಾಳಿ ಅಲಗಾಡತೈತಿ,
ಓಡಾಕ ಅವರಿಗೆ ಓಣಿ ಇಲ್ಲ,
ಬರೇ ಬಿಳಿ.
ಜೈಬುನ್ನಿಸಾನ ಹುಡುಗ್ಯಾರು ನಕ್ಕರ ನಾವೂ ನಗತೇವಿ,
ಅವರ ಕಾಲ ಕೆಳಗ ನೆಲಾನ ಇಲ್ಲ.
ನನಗ ಮುಖಾ ತಗಿಯಾಕ ಬರೂದಿಲ್ಲ.
ಮೂಗು ಮಾಡಾಕ ಹೋದರ ನಳಾ ಆಗತೈತಿ.
ಕಡೀಕ ನಳಾನ ತಕ್ಕೊಂತ ಕುಂತೆ,
ನಳದ ಹಿಂದಿನ ಗ್ವಾಡಿ,
ಗ್ವಾಡಿ ಮ್ಯಾಲಿನ ಪಾಚಿ.

ಅದಕ್ಕ ಈ ಟ್ರಂಕು.
ಯಾರರೆ ಒಯ್ಯಬಹುದು,
ಗಾಜಿನ ಮ್ಯಾಲಿಟ್ಟು, ಕೆಳಗ ಬಲ್ಬು ಹಚ್ಚಿ,
ತಮ್ಮ ಕಥಿಯ ಬೆನ್ನಿಗೆ ಊರು ಇಳಿಸಿಕೋಬಹುದು.
ಒಂದು ಒಯ್ದರ ಒಂದು ಇಡಬೇಕು.
ಸಹಿ ಹಾಕಬಾರದು.
ನೆರಳು ಯಾವ ಕಡೆ ಬಿದ್ದೈತಿ, ಹೊತ್ತು ಎಷ್ಟು,
ಹಾಳಿ ಹಿಂದ ಬರದಿರಬೇಕು.
ಮತ್ತ ಮುಚ್ಚಳದ ಮ್ಯಾಲೆ, ಕೆಂಪು ಶಾಯಿಲೆ, ತುಳಜಾಸಾನ ಅಕ್ಷರ:
ಮಂದೀನ ತಗೀಬ್ಯಾಡ್ರಿ.
ಖಾಲಿ ಊರು ಬೇಕು ನಮಗ,
ಬೇಕಾದಾವರನ್ನ ಆಮ್ಯಾಲೆ ನಾವ ಕರಕೊಂಡು ಬರತೇವಿ.

ಕಮರಿಪೇಟಿ ಪಾವಟಿಗಿ, ಕೆಳಗಿಂದ ನೋಡಿದ್ದು.
ಉಣಕಲ್ ಕೆರಿ, ಮೂರು ಹೊತ್ತಿಂದು.
ರೈಲ್ವೆ ಪ್ಲಾಟ್‌ಫಾರ್ಮು, ಹನ್ನೊಂದು ಹಾಳಿ ಜೋಡಿಸಿದರೂ
ಇನ್ನೂ ಮುಗದಿಲ್ಲ.
ಮಲಕಾಜಿ ಒಂದು ಪೂರಾ ಬಿಳಿ ಹಾಳಿ ತಂದಿಟ್ಟ,
ಹಿಂದ ಬರದಿದ್ದ: ದುರ್ಗದ ಬೈಲು, ಮೇ ತಿಂಗಳು, ಮಧ್ಯಾನ ಎರಡು ಗಂಟೆ.
ಎಲ್ಲಾರೂ ಕೂಡಿ ಬೈದಿವಿ.
ಹೆಚ್ಚು ಮಂದಿ ಒಯ್ದಿದ್ದು ಅದನ್ನ.

ಭೈರಿದೇವರಕೊಪ್ಪದ ಚಾದಂಗಡಿ ನಾನು ತಗದದ್ದು.
ಚಿಗರಿ ಬಸ್ಸಿನ ರಸ್ತೆ ಬರೂಕಿಂತ ಮದಲ,
ನಾಕೂ ಕಡಿಂದ.
ತಗಡು, ಬಾಕು, ಒಲಿ, ಗಾಜಿನ ಡಬ್ಬಿಯೊಳಗ ನಾಕು ಖಾರಿ.
ಈಗ ಒಲಿ ಹಿಂದ ಫಕ್ಕೀರೇಶನ ಕಳ್ಳ ಅಡಗತಾನ,
ಜೈಬುನ್ನಿಸಾನ ಗೆಳತ್ಯಾರು ಆ ಬಾಕಿನ ಮ್ಯಾಲೆ ಕುಂತು
ಮಾತು ಬಿಟ್ಟರು,
ಕುಂದಗೋಳದ ಹುಡುಗ ಒಬ್ಬಾವ
ತಗಡಿನ ಮ್ಯಾಲೆ ಮಂಗಳ ಗ್ರಹದ ವಿಮಾನಾನ ಇಳಿಸಿಬಿಟ್ಟ.
ಮೂವತ್ತು ಕಥಿ ನಡದಾವು ಆ ಅಂಗಡ್ಯಾಗ.
ಅಂಗಡಿ ಇಲ್ಲ.

ಮೊನ್ನೆ ರೇಣವ್ವ ಬಂದಿದ್ದಳು,
ರೊಟ್ಟಿ ಪಾಕೀಟಿಗೆ ಹಚ್ಚೂ ಲೇಬಲ್ಲು ಕೇಳಾಕ.
ಶಾಯಿ ಒಣಗೂ ತನಕ ಕೂಡ್ರಿ ಅಂದ್ವಿ.
ಟ್ರಂಕು ತಗದಿತ್ತು.
ಒಂದೊಂದ ಹಾಳಿ ತಿರುವಿದಾಕಿ ಒಂದರ ಹತ್ರ ನಿಂತಳು,
ಬಾಳೊತ್ತು ನೋಡಿ ಬಟ್ಟು ಇಟ್ಟಳು:
ಕಿಟ್ಲಿ ಈ ಕಡೆ ಅಲ್ಲಪಾ, ಎಡಕ.
ನಾ ಎಡಗೈಯಾಕಿ.

ಹೇಳಾಕ ನನಗ ಏನೂ ಹೊಳೀಲಿಲ್ಲ.

ಆಮ್ಯಾಲೆ ಮುಚ್ಚಳಾ ಹಾಕಾಕ ಹೋಗಿ ಓದಿದಳು,
ಒಂದೊಂದ ಅಕ್ಷರಾ ಕೂಡಿಸಿ, ಶಾಲಿ ಹುಡುಗರಂಗ:
ಮಂ-ದೀ-ನ ತ-ಗೀ-ಬ್ಯಾ-ಡ್ರಿ.
ಇದನ್ನ ಬರದಾವರು ಯಾರು?
ತುಳಜಾಸಾ ಎದ್ದು ನಿಂತ.
ಚಲೋ ಬರದೀರಿ.
ರಸ್ತೆ ಸಾಹೇಬರು ಟೇಪು ಹಿಡಕೊಂಡು ಬಂದಾಗ
ಇಂಥಾದೊಂದು ಬೋರ್ಡು ನಮ್ಮ ಅಂಗಡಿಗೆ ಬೇಕಾಗಿತ್ತು ನೋಡ್ರಿ.

ಫ್ಯಾನು ತಿರುಗತಿತ್ತು.
ಅದರ ಅರ್ಥಾ ಬ್ಯಾರೆ ಅಂತ ಅಕೀಗೆ ಯಾರೂ ಹೇಳಲಿಲ್ಲ.
ಲೇಬಲ್ಲಿನ ರೊಕ್ಕ ತುಳಜಾಸಾ ಕಡಿಮಿ ಹಿಡದ,
ಅಕಿ ಒಪ್ಪಲಿಲ್ಲ, ಎಣಿಸಿ ಪೂರಾ ಕೊಟ್ಟು
ಹೋದಳು.

ರಾತ್ರಿ ಕುಂತು ನಾಕೂ ಹಾಳ್ಯಾಗ ರಬ್ಬರು ಆಡಿಸಿದೆ.
ಅಕೀನ ತಗೀಲಿಲ್ಲ. ನನಗ ಮುಖಾ ಬರೂದಿಲ್ಲ.
ಹಿಂದ ಹಳೇದರ ಕೆಳಗ ಹೊಸಾದು ಬರದೆ:
ಮುಂಜಾನಿ ಆರೂವರಿ,
ನೆರಳು ಧಾರವಾಡದ ಕಡೆ,
ಕಿಟ್ಲಿ ಎಡಕ.