ನೋಯಿಸದೆ ಒಯ್ಯುವ ವಿಧಾನ

ಅರ್ಜಿಯ ತಲೆಬರಹ ಅವನೇ ಹೇಳಿ ಬರೆಸಿದ್ದು.
ನಾನು ನಕ್ಷೆಗಾರ್ತಿ. ಓಲೆಸುಂಡ್ ಬಂದರಿನ ಹಿಂದಿನ ಓಣಿಯಲ್ಲಿ
ಯಂತ್ರಗಳ ಹೊಟ್ಟೆ ಸೀಳಿ
ಕಪ್ಪು ಶಾಯಿಯಲ್ಲಿ ತೋರಿಸುವವಳು:
ಚಿತ್ರ ಒಂದು, ಚಿತ್ರ ಎರಡು, ಬಾಣ, ಅಂಕೆ.

ಆನ್‌ಫಿನ್ ಬಂದದ್ದು ಫೆಬ್ರವರಿಯಲ್ಲಿ,
ಬೂಟಿನ ಹಿಮ ಕೊಡವದೆ,
ಕೈಯಲ್ಲಿ ಅರ್ಧ ಡಜನ್ ಮೊಟ್ಟೆ.
ಎಡಗಿವಿಯನ್ನು ಎಂಜಿನ್ ಕೋಣೆ ತಿಂದುಹಾಕಿತ್ತು.
ಬಲಗಿವಿಯನ್ನು ಓರೆ ಮಾಡಿದ ಬಾಗಿಲಿನ ಹಾಗೆ ನನ್ನತ್ತ ಇಟ್ಟು ಕೂತ.

"ಹಳೇ ಪಂಪು ಮೀನನ್ನು ಅರೆಯುತ್ತದೆ.
ಚಕ್ರ ತಿರುಗಿದರೆ ಬೆನ್ನು ಮುರಿಯುತ್ತದೆ, ಕಣ್ಣಲ್ಲಿ ರಕ್ತ.
ನನ್ನದರಲ್ಲಿ ಚಕ್ರವೇ ಇಲ್ಲ.
ಎರಡು ತೊಟ್ಟಿ. ಒಂದು ಉಸಿರೆಳೆದಾಗ ಇನ್ನೊಂದು ಬಿಡುತ್ತದೆ.
ನೀರೇ ಮೀನನ್ನು ಹೊರುತ್ತದೆ. ಮೀನಿಗೆ ಗೊತ್ತೇ ಆಗುವುದಿಲ್ಲ
ತಾನು ಸಮುದ್ರ ಬಿಟ್ಟದ್ದು."
ಆಮೇಲೆ ತಡೆದು,
"ಇಲ್ಲ, ಗೊತ್ತಾಗುತ್ತದೆ. ನೋವಾಗುವುದಿಲ್ಲ, ಅಷ್ಟೆ."

ಆ ತಿದ್ದುಪಡಿಗಾಗಿ ಕೆಲಸ ಒಪ್ಪಿಕೊಂಡೆ.

ನೋಡದೆ ಬರೆದ ನಕ್ಷೆ ಚಾಡಿಮಾತು ಅಂದು
ನನ್ನನ್ನೂ ದೋಣಿಗೆ ಹತ್ತಿಸಿದ.
ಸೋನಾರ್ ಮುಂದೆ ಯೋರುನ್, ತುಟಿಯಲ್ಲಿ ಆರಿದ ಸಿಗರೇಟು.
ಕೆಳಗೆ ಕತ್ತಲಿಗೆ ಒಂದು ಸದ್ದು ಕಳಿಸುತ್ತಾಳೆ,
ಉತ್ತರಕ್ಕೆ ಕಾಯುತ್ತಾಳೆ, ಸಾಲ ಕೊಟ್ಟವಳ ಹಾಗೆ.
"ಹೆರಿಂಗ್ ಹೊಟ್ಟೆಯಲ್ಲಿ ಗಾಳಿಚೀಲ ಇದೆ, ಅದು ಓಗೊಡುತ್ತದೆ.
ಬಂಗುಡೆಗೆ ಅದಿಲ್ಲ. ಕರೆದರೂ ಗೊಣಗುತ್ತದೆ, ಅಷ್ಟೇ."
ಪರದೆಯ ಮೇಲೆ ಕೆಂಪು ಮೋಡವೊಂದು ಮಗ್ಗುಲು ಬದಲಿಸಿತು.
ಆನ್‌ಫಿನ್ ಅತ್ತ ನೋಡಲಿಲ್ಲ.
ಅಂಗೈಯನ್ನು ದೋಣಿಯ ಗೋಡೆಗೊತ್ತಿ ಕಣ್ಣು ಮುಚ್ಚಿದ್ದ.
ಅವನ ಎಡಗಿವಿ ಅಲ್ಲಿತ್ತು.

ಬಲೆಯ ಹಗ್ಗ ಬಿಳಿ, ಹೊಸ ನೂಲಿನದು,
ಉಕ್ಕಿನಷ್ಟೇ ಗಟ್ಟಿ, ಎಸೆದರೆ ನೀರಲ್ಲಿ ತೇಲುತ್ತದೆ.
ಒಂದೇ ಹಟ: ಗಂಟು ನಿಲ್ಲುವುದಿಲ್ಲ, ಜಾರಿಬಿಡುತ್ತದೆ;
ಎಳೆ ಬಿಚ್ಚಿ ಎಳೆಯೊಳಗೆ ನೇಯ್ದೇ ಸೇರಿಸಬೇಕು.
ಅವನ ಅಪ್ಪನ ಕಾಲದಲ್ಲಿ ಉಕ್ಕಿನ ತಂತಿ.
ಕಡಿದ ತಂತಿ ಡೆಕ್ಕಿನುದ್ದಕ್ಕೂ ಹಾವಿನಂತೆ ಹೊರಳಿ
ಅಪ್ಪನಿಗೆ ಬಲಗೈಯಲ್ಲಿ ಎರಡೇ ಬೆರಳು ಉಳಿಸಿತು.
ಅವೆರಡರಲ್ಲೇ ಅವರು ಮಗನಿಗೆ
ಹೂ ಎತ್ತಿದ ಹಾಗೆ ಬೋಲ್ಟು ಎತ್ತುವುದನ್ನು ಕಲಿಸಿದರಂತೆ.
ಇದನ್ನು ಅರ್ಜಿಯಲ್ಲಿ ಬರೆಯಲೇ ಅಂತ ಕೇಳಿದೆ.
"ಯಾವ ಚಿತ್ರದಲ್ಲಿ?" ಅಂದ.

ಓಸ್ಲೋ ಕಚೇರಿಯ ಉತ್ತರ ನಾಲ್ಕು ಸಾಲು.
ತೊಟ್ಟಿ ಹೊಸತಲ್ಲ. ಕವಾಟ ಹೊಸತಲ್ಲ.
ನಿರ್ವಾತವಂತೂ ಹೊಸತಲ್ಲವೇ ಅಲ್ಲ.
ಹೊಸತು ಯಾವುದೆಂದು ದಯವಿಟ್ಟು ತಿಳಿಸಿ.

ಆ ರಾತ್ರಿ ವರ್ಕ್‌ಶಾಪಿನಲ್ಲಿ ಹದಿನೆಂಟು ಮೀಟರ್ ಕೊಳವೆ ಸುತ್ತಿ
ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟ.
ಮೊದಲನೆಯದು ಹಳದಿ ನೀರಾಗಿ ಬಂತು. ಎರಡನೆಯದೂ.
ಕವಾಟದ ಅಂಚನ್ನು ಅರದಿಂದ ಉಜ್ಜಿದ, ಬೆರಳಿಂದ ಸವರಿದ,
ಮತ್ತೆ ಉಜ್ಜಿದ, ನನ್ನ ಕೆನ್ನೆಗೂ ಒತ್ತಿಸಿ ಕೇಳಿದ: ಚುಚ್ಚುತ್ತದೆಯೆ?
ನಾಲ್ಕು, ಐದು ಒಡೆದವು.
ಆರನೆಯದು ಕೊಳವೆಯ ತುದಿಯಲ್ಲಿ ನನ್ನ ಕೈಗೆ ಬಿತ್ತು,
ಕೂದಲೂ ಕೊಂಕದೆ, ತಣ್ಣಗೆ.
ಅದನ್ನೇ ಮತ್ತೆ ಬಿಟ್ಟೆವು. ಮತ್ತೆ.
ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತ ಹೋದೆ.

ಹಕ್ಕುಪತ್ರ ಬಂದದ್ದು ಎರಡು ವರ್ಷದ ಮೇಲೆ.
ಆರನೆಯ ವರ್ಷ ಶುಲ್ಕ ಕಟ್ಟಲು ಮರೆತ, ಅದು ಹೋಯಿತು.
ಈಗ ಎಲ್ಲೆಲ್ಲೋ ಯಾರ್ಯಾರೋ ಅದನ್ನೇ ಮಾಡುತ್ತಾರೆ,
ಕೆಲವರು ನನ್ನ ಬಾಣದ ಗುರುತನ್ನೂ ಬಿಟ್ಟಿಲ್ಲ.
ಹೇಳಿದರೆ ಬಲಗಿವಿಯನ್ನೂ ಆಚೆ ತಿರುಗಿಸುತ್ತಾನೆ.

ನನಗೆ ನೆನಪಿರುವುದು ಗೀಟುಗಳು: ಮೂವತ್ತೇಳು.
ಬೆಳಗಿನ ಜಾವ ನಾಲ್ಕು ಗಂಟೆ. ಹಸಿವು.
ಬೆಸುಗೆಯ ಒಲೆಯ ಮೇಲೆ ನೀರಿಟ್ಟು
ಅದನ್ನು ಬೇಯಿಸಿದ,
ಚಮಚದ ಬೆನ್ನಿಂದ ಒಂದೇ ಏಟು.
ಉಪ್ಪಿಲ್ಲವೇ ಅಂದೆ.
ಹೊರಗೆ ಕೈ ಮಾಡಿದ,
ಅಷ್ಟೂ ಸಮುದ್ರ.