ಕಣಿವೆಯ ಬಾಕಿ

ಕೂತುಕೋ ರಾವಿರಿ, ಬೆಲೆಚೀಟಿ ಆಮೇಲೆ ನೋಡುವೆಯಂತೆ.
ಮೊದಲು ನನ್ನ ಹುಬ್ಬು ನೋಡು.
ಇಲ್ಲಿ, ಬಲಗಣ್ಣಿನ ಮೇಲೆ,
ಬಿದಿಗೆ ಚಂದ್ರನಂಥ ಗೀರು.
ಹತ್ತೊಂಬತ್ತನೇ ವಯಸ್ಸಿಗೆ ಕೊಂಡ ಮೊದಲ ಸ್ಕೋಪು
ನನಗೆ ಕೊಟ್ಟ ಮುತ್ತು ಅದು.
ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಬಿಡಬೇಕೆಂದು
ಯಾರೂ ಹೇಳಿರಲಿಲ್ಲ.
ರೈಫಲ್ಲೇ ಹೇಳಿತು.

ನೀನು ಕೇಳುತ್ತಿರುವುದು ಇಪ್ಪತ್ತೈದು ಪಟ್ಟಿನದು.
ಟ್ವೈಜಲ್ಲಿಗೆ ಬರುವವರೆಲ್ಲ ಅದನ್ನೇ ಕೇಳುತ್ತಾರೆ,
ದೊಡ್ಡ ಅಂಕಿ ಕಂಡರೆ ಗಂಡಸರ ಕೈ
ತಾನಾಗಿ ಜೇಬಿಗಿಳಿಯುತ್ತದೆ.
ಹೊರಗೆ ಬಾ.
ರಸ್ತೆಯ ಕೊನೆಯ ಪೆಟ್ರೋಲ್ ಬಂಕಿನ ಬೋರ್ಡು ಓದು ಇದರಲ್ಲಿ.
ಅಕ್ಷರಗಳು ಎಸರಿನಂತೆ ಕುದಿಯುತ್ತಿವೆ, ಅಲ್ಲವೆ?
ಅದು ನೆಲದ ಬಿಸಿ,
ಜೊತೆಗೆ ನಿನ್ನದೇ ನಾಡಿ.
ಹನ್ನೆರಡಕ್ಕೆ ಇಳಿಸು. ಈಗ?
ಚಿಕ್ಕದಾಯಿತು, ಆದರೆ ನಿಂತಿತು.
ನಿಂತದ್ದನ್ನು ಹೊಡೆಯಬಹುದು.

ಪಕ್ಕದ ಈ ಚಕ್ರವನ್ನು ಜನ ಮರೆಯುತ್ತಾರೆ.
ತಲೆ ಕೊಂಚ ಆಡಿಸು:
ಗೆರೆ ಗುರಿಯ ಮೇಲೆ ಈಜಾಡುತ್ತಿದ್ದರೆ
ಅದು ಈಜು ನಿಲ್ಲಿಸುವತನಕ ತಿರುಗಿಸು.

ಮೇಲಿನ ಟರೆಟ್ಟು ಮಾತ್ರ ಕಿವಿಯಿಂದ ಎಣಿಸುವಂಥದ್ದು.
ಕಟ್. ಕಟ್. ಕಟ್.
ಒಂದು ಸದ್ದಿಗೆ ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರು,
ಆರುನೂರರಲ್ಲಿ ಆರು.
ಮೂವತ್ತೆಂಟು ಏರಿಸಿ ಮೂವತ್ತೆಂಟು ಇಳಿಸಿದರೆ
ಸೊನ್ನೆ ತನ್ನ ಮನೆಗೇ ವಾಪಸು ಬರಬೇಕು.
ಬಾರದ ಸ್ಕೋಪು ಕುಡುಕನ ಹಾಗೆ,
ರಾತ್ರಿಗೊಂದು ಬಾಗಿಲು ತಟ್ಟುತ್ತದೆ.

ನನ್ನಣ್ಣ ಯೂವನ್‌ನದು ಅಂಥದ್ದೇ.
ಎದೆಗೆ ಇಟ್ಟ ಗುಂಡು ಹಿಂಗಾಲಿಗೆ ತಗುಲಿ
ಟಾಹ್ರ್ ಹೋತ ಕುಂಟುತ್ತ ದಿಬ್ಬ ದಾಟಿತು.
ಎರಡು ದಿನ ಹುಡುಕಿದ, ಊಟ ಬಿಟ್ಟು.
ಮೂರನೆಯ ದಿನ ಸ್ಕೋಪನ್ನು ಬೇಲಿಗೂಟದ ಮೇಲಿಟ್ಟು
ನನ್ನ ಹಳೆಯ ರೈಫಲ್ಲಿನಿಂದ ಹೊಡೆದ.
ಆ ವಾರ ಅವನಿಟ್ಟ ಗುರಿಯಲ್ಲಿ
ಸರಿಯಾಗಿ ತಗುಲಿದ್ದು ಅದೊಂದೇ.

ಇನ್ನು ನನ್ನದು.
ಮೇ ತಿಂಗಳು, ಹಾಪ್ಕಿನ್ಸ್ ಕಣಿವೆ, ಆರುನೂರ ಹನ್ನೆರಡು ಮೀಟರು.
ಎಂದೋ ಹಿಮಾಲಯದಿಂದ ಹಡಗಿನಲ್ಲಿ ತಂದು ಬಿಟ್ಟವುಗಳ ಮರಿಯ ಮರಿ,
ಎದೆ ಮುಚ್ಚುವಷ್ಟು ಕೇಸರ.
ಗಾಳಿ ಎಷ್ಟೆಂದು ತಿಳಿಯಲು ಅಲ್ಲಿ ಹುಲ್ಲಿರಲಿಲ್ಲ, ಬರೀ ಕಲ್ಲು.
ಅವನ ಕೇಸರವೇ ಬಲಕ್ಕೆ ಬಾಗಿ
ನನಗೆ ಲೆಕ್ಕ ಹೇಳಿಕೊಟ್ಟಿತು.
ಗಾಜಿನಲ್ಲಿ ಅವನು ಕೈಗೆಟಕುವಷ್ಟು ಹತ್ತಿರ,
ಮೂಗಿನ ತುದಿಯ ತೇವ ಕಾಣುತ್ತಿತ್ತು.
ಉಸಿರು ಅರ್ಧ ಬಿಟ್ಟೆ.
ಸದ್ದು ಅವನನ್ನು ಮುಟ್ಟುವ ಮೊದಲೇ ಮಂಡಿಯೂರಿದ.

ಆಮೇಲೆ ನಡೆದೆ.
ಇಳಿಜಾರು, ಜಾರುವ ಕಲ್ಲು,
ಮಂಡಿಮಟ್ಟದ ಹೊಳೆ, ಮೂಳೆ ಕೊರೆಯುವ ನೀರು,
ಮಟಗೌರಿ ಮುಳ್ಳು, ಮತ್ತೆ ಏರು.
ಒಂದು ಗಂಟೆ ಐವತ್ತು ನಿಮಿಷ.
ಸ್ಕೋಪು ಒಂದೇ ಗುಟುಕಿಗೆ ನುಂಗಿದ ಕಣಿವೆಯನ್ನು
ನನ್ನ ಕಾಲು ಚಿಲ್ಲರೆ ಚಿಲ್ಲರೆಯಾಗಿ ತೀರಿಸಿತು.
ದೂರ ಕಡಿಮೆಯಾದದ್ದು ಕಣ್ಣಿಗೆ ಮಾತ್ರ, ಹುಡುಗ.
ಗುಂಡಿಗಲ್ಲ, ಹೊಳೆಗಲ್ಲ, ಅವನಿಗಂತೂ ಅಲ್ಲ.

ಗಾಜಿನಲ್ಲಿ ಕಂಡದ್ದಕ್ಕಿಂತ ಸಣ್ಣವನು.
ಅವನ ಪಕ್ಕ ಕೂತು,
ನಾನು ಮಲಗಿದ್ದ ಬಂಡೆಯನ್ನು ಹುಡುಕಿದೆ.
ಎಷ್ಟು ಹುಡುಕಿದರೂ
ಆಚೆ ದಂಡೆಯಲ್ಲಿ ಒಂದೇ ಬೂದು ಬಣ್ಣ.
ಅಲ್ಲಿ ಯಾರೂ ಇರಲಿಲ್ಲ.

ಸರಿ. ಇದು ತಗೋ,
ಹದಿನೈದು ಪಟ್ಟು, ನಲವತ್ತನಾಲ್ಕರ ಗಾಜು.
ರಿಂಗಿನ ಸ್ಕ್ರೂ ನಾನೇ ಬಿಗಿಯುತ್ತೇನೆ,
ನಿನ್ನ ಕೈ ತಿರುಪಿನ ಕತ್ತು ಮುರಿಯುವ ಜಾತಿ.
ಭಾನುವಾರ ನೂರು ಮೀಟರಿನಲ್ಲಿ ಐದು ಗುಂಡು,
ಆಮೇಲೆ ಮುಂದಿನ ಮಾತು.

ಉಳಿದ ದುಡ್ಡಿಗೆ ಒಳ್ಳೆಯ ಬೂಟು.
ಎದುರಿನ ಅಂಗಡಿ,
ಐದಕ್ಕೆ ಬಾಗಿಲು ಹಾಕುತ್ತಾರೆ.